ನೀರು ವಾಪಸ್ ಕೊಟ್ಟ ನರ್ಸಬಾಯಿ

ಆಕೆ ನಮ್ಮೂರಿಗೆ ಕಾಲಿಟ್ಟ ದಿನವೇ ಈ ಹೆಂಗಸನ್ನು ನಂಬಬಾರದು ಎಂದು ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು. ಆಕೆಯೂ ನಮ್ಮ ಬಗ್ಗೆ ಅದನ್ನೇ ತೀರ್ಮಾನಿಸಿದ್ದಳೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ಹೋದ ತಿಂಗಳು ಮೈಸೂರಿನ ಕಡೆಯಿಂದ ಒಂದು ಕಾರ್ಡು ಬಂತು. ಬರೆದವಳು ಆಕೆಯ ಅಣ್ಣನ ಮಗಳಂತೆ. 'ನಮ್ಮ ಅತ್ತೆ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸವಿತ್ತು, ಅದಕ್ಕೆ ತಿಳಿಸುತ್ತಿದ್ದೇನೆ.' ಇಷ್ಟೇ. ಗುರುತಿಲ್ಲದ ಅಕ್ಷರ. ಇದು ಖರೆಯೋ ಸುಳ್ಳೋ ಎಂದು ಮೊದಲ ಸಲ ಓದಿದಾಗ ಅನುಮಾನ ಬಂತು. ಎರಡನೆಯ ಸಲ ಅಂಚೆಯ ಮುದ್ರೆ ನೋಡಿದೆ. ಮೂರನೆಯ ಸಲಕ್ಕೆ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

ಆಕೆಯ ಹೆಸರು ಬರೆಯುವುದಿಲ್ಲ. ತಾನು ಎರಡು ಸಲ ಓದದ ಯಾವ ಕಾಗದದ ಮೇಲೂ ತನ್ನ ಹೆಸರು ಬರಗೊಡದ ಹೆಂಗಸು ಆಕೆ. ಇದನ್ನು ಓದಲು ಈಗ ಆಕೆಯಿಲ್ಲ. ನಮಗೆಲ್ಲ ಆಕೆ ನರ್ಸಬಾಯಿ, ಅಷ್ಟು ಸಾಕು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಉದಗೀರಿನವರು ಮುಂಬೈ ಕಡೆ ಹೋದರು, ಜಹೀರಾಬಾದಿನವರು ಆಂಧ್ರದ ಕಡೆ ಹೋದರು, ನಾವು ಬೀದರ, ಭಾಲ್ಕಿ, ಔರಾದಿನವರು ಮೈಸೂರಿನ ಕಡೆ ಬಂದೆವು. ಬಂದೆವು ಎಂದರೆ, ನಾವು ಕೂತಲ್ಲೇ ಕೂತಿದ್ದೆವು. ಹುಕುಂಗಳು ಬಂದವು, ಅವುಗಳ ಹಿಂದೆ ಗುರುತಿಲ್ಲದ ಮನುಷ್ಯರು ಬಂದರು. ನನ್ನ ಗಂಡ ಔರಾದಿನ ತಹಸೀಲಿನಲ್ಲಿ ಕಾರಕೂನ. ಕಲಿತದ್ದೆಲ್ಲ ಉರ್ದು. ಇನ್ನು ಮುಂದೆ ಎಲ್ಲ ಕನ್ನಡದಲ್ಲಿ ಬರೆಯಬೇಕೆಂದಾಗ ಅವರ ತಲೆಯ ಮೇಲೆ ಆಕಾಶ ಬಿತ್ತು. ಶನಿವಾರ ಠಾಣಾ ಕುಶನೂರಿನ ಮನೆಗೆ ಬಂದರೆ ನನ್ನ ಮುಂದೆ ಪಾಟಿ ಹಿಡಿದು ಕೂಡುತ್ತಿದ್ದರು. ನನಗೆ ಅಕ್ಷರ ಕಲಿಸಿದವರು ಭಾಲ್ಕಿಯ ನಮ್ಮಜ್ಜ. ನಿಜಾಮರ ಕಾಲದ ಸಾಲೆಯಲ್ಲಿ ಕನ್ನಡವೆಲ್ಲಿತ್ತು? ಅಜ್ಜ ಅಂಗಳದ ಮರಳಿನ ಮೇಲೆ ಬೆರಳಿಡಿಸಿ ಬರೆಸಿದ್ದು, ಅಜ್ಜಿ ಬೀಸುವಾಗ ಹೇಳಿಕೊಟ್ಟದ್ದು, ಇಷ್ಟೇ ನನ್ನ ವಿದ್ಯೆ.

"ಹೆಂಡ್ತಿ ಕಡಿಂದ ಕಾಗುಣಿತ ಕಲಿಯೋ ನಸೀಬ ಬಂತು ನೋಡು" ಎಂದು ಅವರು ಸಿಡುಕುವರು. "ಮೈಸೂರಿನವರು ನಮ್ಮ ಕುರ್ಚಿ ಕಸೀಲಿಕ್ಕೇ ಬಂದಾರ."

ಇಂಥ ಹೊತ್ತಿನಲ್ಲಿ ಔರಾದಿನ ದವಾಖಾನೆಗೆ ಮೈಸೂರು ಕಡೆಯ ಒಬ್ಬ ನರ್ಸು ಬಂದಳು. ಮಂಗಳವಾರಕ್ಕೊಮ್ಮೆ ಬಸ್ಸಿನಲ್ಲಿ ಕುಶನೂರಿಗೂ ಬರುತ್ತಾಳೆ, ಬಸುರಿ ಹೆಂಗಸರನ್ನು ನೋಡುತ್ತಾಳೆ ಎಂದು ಡಂಗುರ ಹೊಡೆಸಿದರು. ನಾನು ಆಗ ಆರು ತಿಂಗಳ ಬಸುರಿ. ಹತ್ತೊಂಬತ್ತು ವರ್ಷ. ಚೊಚ್ಚಿಲು.

ನನ್ನ ಹೆದರಿಕೆಯ ಮೂಲ ಇಲ್ಲೇ ಹೇಳಿಬಿಡುತ್ತೇನೆ. ನನಗೊಬ್ಬ ಅಕ್ಕ ಇದ್ದಳು. ಮೊದಲ ಬಸಿರಿನಲ್ಲಿ ಆಕೆಯ ಕೈಕಾಲು ಬಾತವು. ತಲೆ ಸಿಡಿಯುತ್ತದೆ ಎಂದಳು, ಕಣ್ಣಮುಂದೆ ಕಿಡಿ ಹಾರುತ್ತವೆ ಎಂದಳು, ಆಮೇಲೆ ಸೆಟೆದುಕೊಂಡು ಬಿದ್ದಳು. ಒಂದು ಹಗಲು ಒಂದು ರಾತ್ರಿ ನಿಂಬೆಹಣ್ಣು ಇಳಿಸಿ ಮನೆಯಲ್ಲೇ ಇಟ್ಟುಕೊಂಡರು. ಆಮೇಲೆ ಬಂಡಿ ಕಟ್ಟಿ ದವಾಖಾನೆಗೆ ಒಯ್ದರು. ಅಲ್ಲಿ ಸೂಜಿ ಹಾಕಿದರು. ಅರ್ಧ ತಾಸಿನಲ್ಲಿ ಅಕ್ಕ ಹೋದಳು. ಈ ಕಥೆಯಲ್ಲಿ ನಮ್ಮ ಮನೆಯವರ ಬಾಯಲ್ಲಿ ಉಳಿದದ್ದು ಇಷ್ಟೇ: 'ಸೂಜಿ ಹಾಕಿದ್ರು, ಹೋದಳು.' ಅದರ ಹಿಂದಿನ ಒಂದು ಹಗಲು ಒಂದು ರಾತ್ರಿ ಎಲ್ಲರ ಬಾಯಿಂದ ಉದುರಿಹೋಗಿತ್ತು.

ಹಾಗಾಗಿ ನನಗೆ ಎರಡು ಹೆದರಿಕೆ. ಅಕ್ಕನ ಬ್ಯಾನಿ ನನಗೂ ಬಂದೀತೆಂಬುದು ಒಂದು. ಬಂದದ್ದು ಯಾರಿಗಾದರೂ ಗೊತ್ತಾದರೆ ಸೂಜಿ ಹಾಕುತ್ತಾರೆಂಬುದು ಇನ್ನೊಂದು. ದಿನಾ ಬೆಳಗ್ಗೆ ಎದ್ದಕೂಡಲೇ ಬಾಗಿಲ ಸಂದಿಯಲ್ಲಿ ಕೂತು ಹಿಮ್ಮಡಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಕುಣಿ ಬಿದ್ದಿತೆ? ಎಷ್ಟು ಹೊತ್ತಿಗೆ ತುಂಬಿತು? ಮಧ್ಯಾಹ್ನ ಮತ್ತೆ ಒತ್ತುತ್ತಿದ್ದೆ. ತಲೆನೋವು ಬಂದರೆ ನಗುತ್ತಿದ್ದೆ; ನಗುವವರಿಗೆ ತಲೆ ನೋಯುತ್ತದೆಂದು ಯಾರೂ ತಿಳಿಯುವುದಿಲ್ಲವಲ್ಲ.

ನರ್ಸಬಾಯಿ ಉದ್ದಕ್ಕೆ, ಒಣಕಲಾಗಿ, ಬಿದಿರುಗಳದ ಹಾಗಿದ್ದಳು. ಒಂದು ಕೈಯಲ್ಲಿ ಕರೀ ಛತ್ರಿ, ಇನ್ನೊಂದು ಕೈಯಲ್ಲಿ ಕಟ್ಟಿಗೆಯ ಪೆಟ್ಟಿಗೆ. ಯಾರ ಮನೆಗೆ ಹೋದರೂ ಮೊದಲು ಮೂಗಿನಿಂದ ನೋಡುತ್ತಿದ್ದಳು. ಗಾಳಿ ಎಳೆದುಕೊಂಡು, ಹುಬ್ಬು ಗಂಟಿಕ್ಕಿ, ಆಮೇಲೆ ಒಳಗೆ ಕಾಲಿಡುವಳು. ಯಾರು ಕೊಟ್ಟ ನೀರನ್ನೂ ಕುಡಿಯುತ್ತಿರಲಿಲ್ಲ. ತನ್ನ ನೀರು ತಾನೇ ಶೀಶೆಯಲ್ಲಿ ತರುತ್ತಿದ್ದಳು. 'ಎಷ್ಟು ಸೊಕ್ಕು! ನಮ್ಮ ನೀರು ಮೈಲಿಗಿ ಏನಿಕಿಗೆ?' ಎಂದು ಓಣಿಯೆಲ್ಲ ಗುಸುಗುಸು. ವರ್ಷದ ಮೇಲೆ ನಾನು ಕೇಳಿದಾಗ ಆಕೆ ಹೇಳಿದಳು: "ನಿಮ್ಮ ಬಾವಿಗೆ ಮೆಟ್ಲಿದೆ, ಎಲ್ರೂ ಕಾಲಿಟ್ಟು ನೀರು ತುಂಬ್ತೀರಿ. ನಿಮ್ಮೂರಲ್ಲಿ ಎಷ್ಟು ಜನದ ಕಾಲಲ್ಲಿ ನಾರುಹುಣ್ಣಿನ ಹುಳ ಇದೆ ನೋಡಿದೀಯಾ? ನಾನು ಕುಡೀಲಾ?"

ಆಕೆಗೆ ಇನ್ನೊಂದು ಚಾಳಿಯಿತ್ತು. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವುದು. ಬಾಗಿಲಲ್ಲಿ "ತಲೆ ನೋಯುತ್ತಾ?" ಎನ್ನುವಳು. ಇಲ್ಲ ಎಂದರೆ ಉಳ್ಳಾಗಡ್ಡಿ, ತೊಗರಿ, ಸೊಸೆ, ಮಾವ ಎಲ್ಲ ಮಾತಾಡಿ, ನಡುವೆ ಮತ್ತೊಮ್ಮೆ ತೂರಿಸುವಳು. ಹೊರಡುವಾಗ ಛತ್ರಿ ಬಿಚ್ಚುತ್ತ ಮೂರನೆಯ ಸಲ.

"ಎಷ್ಟ ಸಲ ಕೇಳ್ತೀರಿ ಬಾಯಿ, ಇಲ್ಲಂದೇನಲ್ಲ" ಎಂದು ಒಮ್ಮೆ ರೇಗಿದ್ದೆ.

"ಹೂಂ ಅಂದ್ರೆ ಒಂದೇ ಸಲಕ್ಕೆ ನಂಬ್ತೀನಿ. ಇಲ್ಲ ಅನ್ನೋದನ್ನ ಮೂರು ಸಲ ಕೇಳ್ದೆ ನಂಬಲ್ಲ" ಎಂದಳು.

ಮೊದಲ ಮಂಗಳವಾರ ನಮ್ಮ ಪಡಸಾಲೆಯಲ್ಲಿ ಆಕೆ ಪೆಟ್ಟಿಗೆ ತೆರೆದಾಗ ನನ್ನ ಅತ್ತೆ ಕಂಬಕ್ಕೆ ಆತು ನಿಂತಿದ್ದರು. ಅತ್ತೆ ನಲವತ್ತೈದರ ಗಟ್ಟಿ ಹೆಂಗಸು. ಬೆಲ್ಲವೆಂದರೆ ಪ್ರಾಣ, ಸೆರಗಿನ ಗಂಟಿನಲ್ಲಿ ಯಾವಾಗಲೂ ಒಂದು ತುಣುಕು ಇರಬೇಕು. ಪೆಟ್ಟಿಗೆಯೊಳಗೆ ಗಾಜಿನ ನಳಿಕೆಗಳು, ಸ್ಪಿರಿಟ್ಟಿನ ದೀಪ, ಒಂದು ಶೀಶೆಯಲ್ಲಿ ನೀಲಿ ಔಷಧ, ಮತ್ತೆ ಪಾದರಸದ ಕಂಬವಿದ್ದ ಯಂತ್ರ. ನನ್ನ ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ಒತ್ತಿದ್ದೇ ಅತ್ತೆ ಕೂಗಿದರು.

"ಏ ಏ, ಕೈ ಬಿಡ್ರಿ! ರಕ್ತ ನಿಂದರಸ್ತೀರೇನು?"

"ರಕ್ತ ಎಷ್ಟು ಜೋರಾಗಿ ಓಡ್ತಿದೆ ಅಂತ ನೋಡೋದಮ್ಮ."

"ಓಡ್ಲಿ ಬಿಡ್ರಿ. ನಿಮಗ್ಯಾಕ ಅದರ ಉಸಾಬರಿ?"

ಆಕೆ ಪಟ್ಟಿ ಬಿಚ್ಚಿದಳು. ಒಂದು ಖಾಲಿ ಶೀಶೆ ನನ್ನ ಕೈಗೆ ಕೊಟ್ಟು, ಮುಂದಿನ ಮಂಗಳವಾರ ಬೆಳಗಿನ ಮೊದಲ ಮೂತ್ರ ಅದರಲ್ಲಿ ಹಿಡಿದಿಡು ಎಂದಳು.

ಆಕೆ ಬಾಗಿಲು ದಾಟಿದ್ದೇ ತಡ, ಓಣಿ ನಮ್ಮ ಪಡಸಾಲೆಗೆ ಇಳಿಯಿತು. ನಮ್ಮ ಕಡೆ ಭಾನಾಮತಿಯ ಹೆದರಿಕೆ ಎಂಥದೆಂದು ಹೊರಗಿನವರಿಗೆ ಹೇಳಿದರೆ ತಿಳಿಯದು. ಬಾಚಿದ ಕೂದಲನ್ನು ಉಂಡೆ ಮಾಡಿ ಉಗುಳಿ ಸುಡುತ್ತಿದ್ದೆವು. ಕತ್ತರಿಸಿದ ಉಗುರನ್ನು ಹೂಳುತ್ತಿದ್ದೆವು. ಮೈಯಿಂದ ಹೋದದ್ದು ಮಂದಿಯ ಕೈಗೆ ಸಿಕ್ಕರೆ ಮಾಟಕ್ಕೆ ಅಷ್ಟೇ ಸಾಕು. ಇನ್ನು ಬಸುರಿಯ ಮೂತ್ರ, ಅದೂ ಪರಊರಿನ ಬಂಜೆ ಹೆಂಗಸಿನ ಕೈಗೆ! ಬಂಜೆ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಮದುವೆಯಾಗಿಲ್ಲ ಎಂದು ಒಬ್ಬರು, ಗಂಡ ಬಿಟ್ಟಿದ್ದಾನೆ ಎಂದು ಒಬ್ಬರು, ಕೂಸಿನ ಆಸೆಗೇ ಬಸುರಿಯರ ಹಿಂದೆ ತಿರುಗುತ್ತಾಳೆ ಎಂದು ಮತ್ತೊಬ್ಬರು.

ನನಗೆ ಭಾನಾಮತಿಗಿಂತ ಸೂಜಿಯ ಹೆದರಿಕೆ ದೊಡ್ಡದು. ಶೀಶೆಯ ಆ ನೀರು ಕೊಟ್ಟರೆ ಏನೋ ಒಂದು ಸಿಗುತ್ತದೆ, ಸಿಕ್ಕರೆ ಸೂಜಿ ಬರುತ್ತದೆ. ಹೀಗಾಗಿ ಎರಡೂ ಹೆದರಿಕೆ ಕೂಡಿ ನಮ್ಮ ಅತ್ತೆಸೊಸೆಯರನ್ನು ಒಂದು ಮಾಡಿದವು. ಒಂದಲ್ಲ ಒಂದು ನೆಪ ಹೇಳಿ ಏಳೆಂಟು ಮಂಗಳವಾರ ತಳ್ಳಿದೆವು. ಶೀಶೆ ಒಡೆಯಿತು ಎಂದೆವು, ಇನ್ನೊಂದು ಕೊಟ್ಟಳು. ಮರೆತೆವು ಎಂದೆವು, "ಮುಂದಿನ ವಾರ ಮರೀಬೇಡಿ" ಎಂದಳು. ಅಷ್ಟರಲ್ಲಿ ನನಗೆ ಎಂಟು ತುಂಬುತ್ತ ಬಂದಿತ್ತು. ಹಿಮ್ಮಡಿಯ ಕುಣಿ ಬೇಗ ತುಂಬದೆ ನಿಲ್ಲತೊಡಗಿತ್ತು. ಪಾದರಸದ ಕಂಬ ನೋಡಿ ನರ್ಸಬಾಯಿ ತುಟಿ ಬಿಗಿದಳು.

"ಮುಂದಿನ ವಾರ ಶೀಶೆ ಬೇಕೇ ಬೇಕು" ಎಂದಳು.

ಆ ಮಂಗಳವಾರ ಬೆಳಗ್ಗೆ ಅತ್ತೆ ನನ್ನ ಕೈಯಿಂದ ಶೀಶೆ ಕಸಿದುಕೊಂಡರು.

"ನಂದೇ ತುಂಬಿ ಕೊಡ್ತೇನಿ ತಾ."

"ಅತ್ತೀ, ನಿಮಗೇನಾರ ಆದ್ರ?"

"ನನಗೇನ ಆಗ್ತದ? ಭಾನಾಮತಿ ಮಾಡಿದ್ರ ಮಾಡ್ಲಿ ರಂಡಿ. ನಾ ಬಾಳೇ ಮಾಡಿ ಮುಗಿಸೇನಿ. ನೀ ಸುಮ್ಮ ಕೂಡು."

ನಾನು ಸುಮ್ಮನೆ ಕೂತೆ. ಒಳಗೆ ಹಗುರವೂ ಆಯಿತು, ಅದನ್ನೂ ಬರೆಯಬೇಕು.

ನರ್ಸಬಾಯಿ ದೀಪ ಹಚ್ಚಿದಳು. ಒಂದು ನಳಿಕೆಯಲ್ಲಿ ಶೀಶೆಯದನ್ನಷ್ಟೇ ಕಾಯಿಸಿದಳು, ತಿಳಿಯಾಗಿಯೇ ಉಳಿಯಿತು. ಇನ್ನೊಂದರಲ್ಲಿ ನೀಲಿ ಔಷಧಕ್ಕೆ ನಾಲ್ಕು ಹನಿ ಬಿಟ್ಟು ಕಾಯಿಸಿದಳು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕಡೆಗೆ ಇಟ್ಟಂಗಿಯ ಕೆಂಪು. ನಾವು ಅತ್ತೆಸೊಸೆ ಕಣ್ಣು ಕೀಳದೆ ನೋಡಿದೆವು. ಮಾಟ ಎಂದರೆ ಇದಲ್ಲದೆ ಇನ್ನೇನು?

"ಇದು ಸಕ್ಕರೆ ಕಾಯಿಲೆ" ಎಂದಳು. ನನ್ನನ್ನು ನೋಡಿದಳು, ನನ್ನ ಬಾತ ಕಾಲು ನೋಡಿದಳು, ನಳಿಕೆಯನ್ನು ಬೆಳಕಿಗೆ ಹಿಡಿದಳು. "ಬಾಯಾರಿಕೆ ಜಾಸ್ತಿನಾ? ರಾತ್ರಿ ಎಷ್ಟು ಸಲ ಏಳ್ತೀಯ?"

ನಾನು ಬಾಯಿ ತೆರೆಯುವ ಮುಂಚೆ ಕಂಬದ ಹತ್ತಿರದಿಂದ ಅತ್ತೆಯ ದನಿ ಬಂತು. "ನಾಕ ಸಲ ಏಳಬೇಕಾಗ್ತದ್ರಿ. ತಂಬಿಗಿ ತಂಬಿಗಿ ನೀರು ಕುಡದ್ರೂ ಗಂಟಲಾ ಒಣಗೇ ಇರ್ತದ."

"ಯಾರಿಗೆ?"

ಅತ್ತೆ ನಾಲಿಗೆ ಕಚ್ಚಿಕೊಂಡರು. "ಈಕಿಗೇರಿ. ಮತ್ತ್ಯಾರಿಗೆ?"

ನರ್ಸಬಾಯಿ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಪೆಟ್ಟಿಗೆ ಮುಚ್ಚುತ್ತ, ತನಗೆ ತಾನೇ ಹೇಳಿಕೊಳ್ಳುವಂತೆ, "ಕಾಲು ಒಂದು ಹೇಳ್ತಿದೆ, ಶೀಶೆ ಒಂದು ಹೇಳ್ತಿದೆ. ಕಾಲು ಸುಳ್ಳು ಹೇಳಲ್ಲ" ಎಂದಳು. ಹೊರಡುವಾಗ ಛತ್ರಿ ಬಿಚ್ಚಿದಳು, ಆದರೆ ಮೂರನೆಯ ಸಲದ ಪ್ರಶ್ನೆ ಕೇಳಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಮುಂದಿನ ಮಂಗಳವಾರದ ತನಕ ಆಕೆ ಕಾಯಲಿಲ್ಲ. ಗುರುವಾರ ಬೆಳಗಿನ ಬಸ್ಸಿಗೇ ಬಂದಳು. ಅತ್ತೆ ಹೊಲಕ್ಕೆ ಹೋಗಿದ್ದರು. ಅವರು ಹೋಗುವುದನ್ನು ನೋಡಿಯೇ ಒಳಗೆ ಬಂದಳೆಂದು ನನಗೆ ಈಗಲೂ ಗುಮಾನಿ.

"ಶೀಶೆಯಲ್ಲಿದ್ದದ್ದು ನಿಂದಲ್ಲ" ಎಂದಳು.

ನಾನು ಅಳತೊಡಗಿದೆ. ಅತ್ತೆ ನನಗಾಗಿ ಮಾಟಕ್ಕೆ ಕೊರಳು ಕೊಟ್ಟದ್ದು, ಅಕ್ಕ, ಸೂಜಿ, ಬಾಗಿಲ ಸಂದಿ, ತಲೆನೋವಿಗೆ ನಕ್ಕದ್ದು ಎಲ್ಲವನ್ನೂ ಹೇಳಿದೆ. ಆಕೆ ಸಮಾಧಾನ ಮಾಡಲಿಲ್ಲ. ನೆಲದ ಮೇಲೆ ಕೂತು ಕೇಳಿದಳು, ಅಷ್ಟೇ. ಆಮೇಲೆ ಅಂದಳು:

"ನಾನು ಏನೂ ತಗೊಂಡು ಹೋಗಲ್ಲ. ನಿನ್ನ ಮುಂದೆಯೇ ಕಾಯಿಸ್ತೀನಿ, ನಿನ್ನ ಕೈಗೇ ವಾಪಸ್ ಕೊಡ್ತೀನಿ. ನಿನ್ನ ಬಚ್ಚಲಲ್ಲಿ ನೀನೇ ಚೆಲ್ಲಿ, ನಳಿಕೆ ನೀನೇ ತೊಳಿ. ಆಗ್ಬಹುದಾ?"

ನಾನು ಎದ್ದು ಹೋಗಿ ಶೀಶೆ ತುಂಬಿ ತಂದೆ. ಒಲೆಯ ಪಕ್ಕ ಕೂತು ಕಾಯಿಸಿದಳು. ನಳಿಕೆಯ ಮೇಲ್ಭಾಗ ಮೊದಲು ಮಂಜಾಯಿತು. ಆಮೇಲೆ, ಒಡೆದ ಹಾಲಿನ ಹಾಗೆ, ಬೆಳ್ಳಗೆ ಗಟ್ಟಿಯಾಯಿತು. ಇನ್ನೊಂದು ನಳಿಕೆಯ ನೀಲಿ ಔಷಧ ಮಾತ್ರ ನೀಲಿಯಾಗಿಯೇ ಉಳಿಯಿತು, ಸಕ್ಕರೆ ಇರಲಿಲ್ಲ. ನಳಿಕೆಗೆ ಅರಿವೆ ಸುತ್ತಿ ನನ್ನ ಕೈಗೆ ಕೊಟ್ಟಳು. ನಾನು ಚೆಲ್ಲಿದೆ, ತೊಳೆದೆ.

"ಅಕ್ಕಗ ಆಗಿದ್ದು ಇದೇನ್ರಿ?"

"ಇದೇ ಇರ್ಬೇಕು, ಬಸುರಿನ ನಂಜು. ಸೂಜಿಯಿಂದ ಹೋಗ್ಲಿಲ್ಲ ಅವಳು. ಸೂಜಿ ತಡವಾಗಿ ಸಿಕ್ತು. ಬೀದರಿಗೆ ಹೋಗೋಣ, ದೊಡ್ಡ ಆಸ್ಪತ್ರೆಗೆ."

"ನೀವು ನರ್ಸು. ಸೂಜೀದು ತಪ್ಪು ಅಂತ ನೀವ್ಯಾಕ ಅಂತೀರಿ? ನಾ ಹ್ಯಾಂಗ ನಂಬಲಿ?"

ಮತ್ತೊಬ್ಬರಾಗಿದ್ದರೆ ಆಣೆ ಮಾಡುತ್ತಿದ್ದರು. ಆಕೆ ಪೆಟ್ಟಿಗೆಯ ಕೊಂಡಿ ಹಾಕಿ ಎದ್ದು ನಿಂತಳು.

"ನಂಬಬೇಡ. ಬಾ, ಅಷ್ಟೇ."

ಇಲ್ಲಿ ಕಥೆ ನಿಲ್ಲಿಸಿ ಒಂದು ಮಾತು. ಅಂದು ನಮ್ಮ ಒಲೆಯ ಮುಂದೆ ಶುರುವಾದದ್ದು ಮುಂದೆ ಆಕೆಯ ರಿವಾಜೇ ಆಯಿತು. ಔರಾದಿನಲ್ಲಿ, ಆಮೇಲೆ ಭಾಲ್ಕಿಗೆ ವರ್ಗವಾದ ಮೇಲೂ, ಬಸುರಿಯರ ಮೈಯಿಂದ ತೆಗೆದದ್ದನ್ನೆಲ್ಲ ನೋಡಿದ ಮೇಲೆ ಅವರ ಕೈಗೇ ಕೊಡುತ್ತಿದ್ದಳು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರೆ ಒರೆಸಿದ ಹತ್ತಿಯೂ ವಾಪಸ್. 'ತಗೊಳಮ್ಮ, ನಿಂದು ನಿಂಗೆ.' ಹಳ್ಳಿಯ ಹೆಂಗಸರು 'ವಾಪಸ್ ಬಾಯಿ' ಎಂದೇ ಕರೆದರು. ಮೇಲಿನವರು ಇದೇನು ಮೂಢನಂಬಿಕೆಗೆ ಕುಮ್ಮಕ್ಕು ಎಂದು ಗದರಿದರಂತೆ. "ಹೆದರಿಕೆ ಅವರದ್ದು, ಹತ್ತಿ ಅವರದ್ದು. ಎರಡೂ ಇಟ್ಕೊಂಡು ನಾನೇನು ಮಾಡ್ಲಿ ಸಾರ್?" ಎಂದಳಂತೆ. ಇದು ಕೇಳಿದ ಮಾತು; ಆದರೆ ಆಕೆಯ ಮಾತಿನ ಹಾಗೇ ಇದೆ.

ಅತ್ತೆ ಹೊಲದಿಂದ ಬಂದಾಗ ನರ್ಸಬಾಯಿ ಪಡಸಾಲೆಯಲ್ಲೇ ಇದ್ದಳು. ಅತ್ತೆಗೆ ಮುಖ ನೋಡಿಯೇ ತಿಳಿಯಿತು. ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತರು.

"ಹೆಣಮಗಳು ಒಬ್ಬಾಕೀನೇ ಮನ್ಯಾಗ ಇದ್ದಾಗ ಬಂದು ಬುದ್ಧಿ ಕೆಡಸ್ತೀರಿ? ಬೀದರಿಗಿ ಕಳಸಾಂಗಿಲ್ಲ. ಸೂಜಿ ಹಾಕಿ ಕೊಲ್ತೀರಿ ನೀವು."

"ಮೊನ್ನೆ ಶೀಶೆಯಲ್ಲಿದ್ದದ್ದು ಯಾರ್ದು ಅಂತ ಕೇಳಲ್ಲಮ್ಮ. ಯಾರ್ದೋ ಇರ್ಲಿ. ಅವರು ಬೆಲ್ಲ ಬಿಡ್ಲಿ, ಇಲ್ದಿದ್ರೆ ಕಣ್ಣು ಹೋಗುತ್ತೆ."

ಅತ್ತೆಯ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು.

"ಇನ್ನೊಂದು ಹೇಳ್ತೀನಿ" ಎಂದಳು ನರ್ಸಬಾಯಿ. "ಅದನ್ನ ಕೊಟ್ಟೋರು, ಮಾಟ ಬಂದ್ರೆ ನನ್ನ ಮೇಲೆ ಬರ್ಲಿ, ಸೊಸೆ ಬದುಕ್ಲಿ ಅಂತ ಕೊಟ್ರು. ಅಷ್ಟು ಧೈರ್ಯ ಇರೋರು ಬಸ್ಸು ಹತ್ತೋದಕ್ಕೆ ಹೆದರ್ತಾರಾ?"

ನನ್ನ ಅತ್ತೆಯನ್ನು ಮಾತಿನಲ್ಲಿ ಸೋಲಿಸಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಅತ್ತೆ ಸಿಕ್ಕಿಸಿದ್ದ ಸೆರಗು ಬಿಚ್ಚಿಕೊಂಡರು.

"ನಾ ಜೋಡಿ ಬರ್ತೇನಿ" ಎಂದರು ಕೊನೆಗೆ. "ಈಕಿ ಮೈಯಿಂದ ಒಂದ ಕೂದಲಾ ಉದುರಿದ್ರೂ ನನ್ನ ಕೈಯಾಗ ಕೊಡಬೇಕು."

"ಕೊಡಿಸ್ತೀನಿ."

ಔರಾದಿಗೆ ಆಳು ಕಳಿಸಿ ನನ್ನ ಗಂಡನನ್ನು ಕರೆಸಿದೆವು. ಬೀದರಿನ ಬಸ್ಸಿನಲ್ಲಿ ಅವರು ನನ್ನ ಕಿವಿಯಲ್ಲಿ ಕೇಳುತ್ತಲೇ ಇದ್ದರು: "ಈಕಿ ತನ್ನ ರಜಾ ಹಾಕಿ ನಮ್ಮ ಹಿಂದ ಯಾಕ ಬರ್ತಾಳ? ಏನ ಸಿಗ್ತದ ಈಕಿಗೆ?" ನನಗೂ ಗೊತ್ತಿರಲಿಲ್ಲ. ಆಕೆ ಬದುಕಿರುವ ತನಕ ಕೇಳಲೂ ಇಲ್ಲ. ಕೇಳಿದ್ದರೆ, ಇವಳು ಯಾಕೆ ಕೇಳುತ್ತಿದ್ದಾಳೆಂದು ಆಕೆಗೆ ಅನುಮಾನ ಬರುತ್ತಿತ್ತು.

ದವಾಖಾನೆಯಲ್ಲಿ ಮೊದಲ ಸೂಜಿ. ಕೊಳವೆಗೆ ಔಷಧ ಎಳೆದುಕೊಳ್ಳುವುದನ್ನು ಕಂಡದ್ದೇ ಮಂಚದ ಆ ತುದಿಗೆ ಸರಿದೆ. ಅಲ್ಲಿನವರು 'ಏನೂ ಆಗಂಗಿಲ್ಲ, ಇರಬಿ ಕಚ್ಚಿದಂಗ' ಎನ್ನುತ್ತಿದ್ದರು. ಅಕ್ಕನಿಗೂ ಹೀಗೇ ಹೇಳಿದ್ದರೇನೋ. ನರ್ಸಬಾಯಿ ನಡುವೆ ಬಂದಳು.

"ಇರುವೆಗಿಂತ ಜಾಸ್ತಿ ನೋಯುತ್ತೆ. ಐದು ಎಣಿಸೋ ಅಷ್ಟು ಹೊತ್ತು."

"ನನಗ ಹೆದರಿಕಿ ಆಗ್ಲಿಕತ್ತದ ಬಾಯಿ."

"ಆಗ್ಲಿ. ಹೆದರ್ಕೊಂಡೇ ಇರು. ಕೈ ಮಾತ್ರ ಅಲ್ಲಾಡಿಸ್ಬೇಡ."

ಹೆದರಬೇಡ ಎಂದು ನನಗೆ ಸಾವಿರ ಮಂದಿ ಹೇಳಿದ್ದರು. ಹೆದರಿಕೊಂಡೇ ಇರು ಎಂದವಳು ಈಕೆಯೊಬ್ಬಳೇ. ಹೆದರಿಕೆಯನ್ನು ಬಚ್ಚಿಡುವ ಕೆಲಸ ತಪ್ಪಿತು. ಕೈ ಅಲ್ಲಾಡಿಸದೆ ಇರುವ ಕೆಲಸವೊಂದೇ ಉಳಿಯಿತು. ಅದು ನನ್ನಿಂದ ಆಗುವಂಥದ್ದು. ಐದು ಎಣಿಸಿದೆ. ಆರಕ್ಕೆ ಮುಗಿಯಿತು. "ಒಂದು ಜಾಸ್ತಿ ಆಯ್ತು, ನನ್ನದೇ ತಪ್ಪು" ಎಂದು ಒರೆಸಿದ ಹತ್ತಿಯನ್ನು ಅತ್ತೆಯ ಕೈಗಿಟ್ಟಳು. ಅತ್ತೆ ಅದನ್ನು ಮೂಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮರುದಿನ ಆಕೆ ಔರಾದಿಗೆ ಮರಳಿದಳು. ನನ್ನನ್ನು ಮಬ್ಬು ಬೆಳಕಿನ ಮೂಲೆಯಲ್ಲಿ ಮಲಗಿಸಿದರು. ಉಪ್ಪಿಲ್ಲದ ಅನ್ನ, ದಿನಕ್ಕೆ ನಾಲ್ಕು ಸಲ ರಟ್ಟೆಗೆ ಪಟ್ಟಿ. ಒಂದು ವಾರವಾದರೂ ರಕ್ತದ ಜೋರು ಇಳಿಯಲಿಲ್ಲ. ಭಾನುವಾರ, ತನ್ನ ರಜೆಯ ದಿನ, ನರ್ಸಬಾಯಿ ಮತ್ತೆ ಬಂದಳು. ಅದೇ ಹೊತ್ತಿಗೆ ಡಾಕ್ಟರಮ್ಮನೂ ಬಂದರು. ಹೈದರಾಬಾದಿನಲ್ಲಿ ಓದಿದ ವಯಸ್ಸಾದ ಹೆಂಗಸು, ಅರ್ಧ ಉರ್ದುವಿನಲ್ಲೇ ಮಾತು.

"ಇನ್ನ ಇಂತಜಾರ್ ಬೇಡ. ನೀರಿನ ಚೀಲ ಒಡೀತೇವಿ, ಕೂಸು ಈಗ್ಲೇ ಹೊರಗ ಬರಬೇಕು. ಇದಕ್ಕ ದಸ್ತಖತ್ ಹಾಕ್ರಿ."

ಕಾಗದ ನನ್ನ ಗಂಡನ ಕೈಗೆ ಬಂತು. ಕನ್ನಡದಲ್ಲಿತ್ತು. ಒಂದೊಂದೇ ಅಕ್ಷರ ಕೂಡಿಸಿ ಅವರು ಗಟ್ಟಿಯಾಗಿ ಓದಿದರು. ತಾಯಿಗಾಗಲಿ ಕೂಸಿಗಾಗಲಿ ಏನಾದರೂ ಆದರೆ ಒಪ್ಪಿಯೇ ಮಾಡಿಸಿಕೊಂಡಿದ್ದೇವೆ ಎಂಬ ಮಾತು ಅದರಲ್ಲಿ.

"ಇದು ಬರಕೊಟ್ಟು ಕೊಲ್ಲಿಸಿದಂಗ ಆಯ್ತು" ಎಂದು ಅವರು ಕಾಗದ ಕೆಳಗಿಟ್ಟರು.

ನಾನು ನರ್ಸಬಾಯಿಯ ಸೆರಗು ಹಿಡಿದೆ. "ನನ್ನ ಕೂಸಿಗೆ ಏನೂ ಆಗಂಗಿಲ್ಲಲ್ಲ? ನೀವ ಹೇಳ್ರಿ."

ಆಕೆ ನನ್ನ ಕಣ್ಣನ್ನೇ ನೋಡಿದಳು. "ಗೊತ್ತಿಲ್ಲ ಕಣಮ್ಮ."

ಅತ್ತೆ ಸಿಡಿದೆದ್ದರು. "ಗೊತ್ತಿಲ್ಲ? ಗೊತ್ತಿಲ್ಲಂದ್ರ ಇಲ್ಲೀತನ ಯಾಕ ಕರಕೊಂಡು ಬಂದಿ? ಬಾಯಿಮಾತಿಗಾರ ಏನೂ ಆಗಂಗಿಲ್ಲ ಅನ್ನಲಿಕ್ಕ ಬರಂಗಿಲ್ಲೇನ ನಿನಗ?"

"ಇಲ್ಲಿ ಒಡೆದ್ರೆ ಏನಾಗುತ್ತೋ ಗೊತ್ತಿಲ್ಲಮ್ಮ. ಮನೆಗೆ ಕರ್ಕೊಂಡು ಹೋದ್ರೆ ಏನಾಗುತ್ತೆ ಅಂತ ಗೊತ್ತು. ಇವಳ ಅಕ್ಕನಿಗೆ ಆಗಿದ್ದು."

ಆ ಒಂದು 'ಗೊತ್ತಿಲ್ಲ' ನನ್ನೊಳಗೆ ಇಳಿದ ಬಗೆಯನ್ನು ಹೇಗೆ ಬರೆಯಲಿ? ನನ್ನನ್ನು ಮೋಸ ಮಾಡಬೇಕೆಂದಿದ್ದರೆ ಆಕೆಗೆ ಇದಕ್ಕಿಂತ ಸುಲಭದ ಹೊತ್ತು ಇರಲಿಲ್ಲ. ಒಂದು ಸುಳ್ಳು ಸಾಕಿತ್ತು. ನಾವು ಬೇಡುತ್ತಿದ್ದದ್ದೂ ಅದನ್ನೇ. ಆಕೆ ಕೊಡಲಿಲ್ಲ.

ನಾನು ಕಾಗದ ಎಳೆದುಕೊಂಡು, ಅಜ್ಜ ಕಲಿಸಿದ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಗಂಡನ ದಸ್ತಖತ್ ಕೂಡ ಬೇಕೆಂದರು ಡಾಕ್ಟರಮ್ಮ. ನನ್ನ ಗಂಡ ನನ್ನ ಹೆಸರಿನ ಕೆಳಗೆ ಉರ್ದುವಿನಲ್ಲಿ ಹಾಕಿದರು.

ಒಳಗೆ ನರ್ಸಬಾಯಿ ನನ್ನ ತಲೆಯ ಹತ್ತಿರ ನಿಂತಳು. ಡಾಕ್ಟರಮ್ಮ ಮಾಡುವ ಮುಂಚೆ ಪ್ರತಿಯೊಂದನ್ನೂ ಹೇಳಿದಳು. "ಈಗ ತಣ್ಣಗಿನ ಕಬ್ಬಿಣ ತಾಗುತ್ತೆ. ಈಗ ಒತ್ತಿದ ಹಾಗಾಗುತ್ತೆ, ಕೆಟ್ಟದಾಗಿರುತ್ತೆ. ಈಗ ಬಿಸಿನೀರು ಹರಿದ ಹಾಗೆ." ಹೇಳಿದ್ದೇ ಆಯಿತು, ಹೇಳದೆ ಇದ್ದದ್ದು ಒಂದೂ ಆಗಲಿಲ್ಲ. ಭಾನುವಾರ ಕಳೆದು ಸೋಮವಾರ ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಇಂದು ಮೂರು ಮೊಮ್ಮಕ್ಕಳನ್ನು ಗದರಿಸುತ್ತ ಮನೆ ಆಳುವ ನನ್ನ ಮಗಳು ಅಂದು ಎರಡು ಬೊಗಸೆ ತುಂಬದಷ್ಟಿದ್ದಳು. ಉಗುರು ಇನ್ನೂ ಬೆರಳ ತುದಿ ಮುಟ್ಟಿರಲಿಲ್ಲ. ಹುಟ್ಟಿದ ಕೂಡಲೇ ಅಳಲಿಲ್ಲ. ಡಾಕ್ಟರಮ್ಮ ಅಂಗಾಲಿಗೆ ಬಡಿದರು, ಮತ್ತೆ ಬಡಿದರು. ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು.

ಸ್ವಲ್ಪ ಹೊತ್ತಿಗೆ ಅತ್ತೆ ಮಾಸು ಕೇಳಲು ಬಾಗಿಲಿಗೆ ಬಂದರು. ಕೂಸಿನ ಮಾಸನ್ನು ಮನೆಯವರೇ ಹೂಳಬೇಕು, ಮಂದಿಯ ಕೈಗೆ ಹೋಗಬಾರದು. ದವಾಖಾನೆಯವರು ಕೊಡುವುದಿಲ್ಲ, ಜಗಳವಾಡಿಯೇ ತರಬೇಕೆಂದು ಸೆರಗು ಬಿಗಿದು ಬಂದಿದ್ದರು. ನರ್ಸಬಾಯಿ ಅದಾಗಲೇ ಮಣ್ಣಿನ ಗಡಿಗೆಯಲ್ಲಿ ಹಾಕಿ, ಬಟ್ಟೆ ಕಟ್ಟಿ, ಹೊಸ್ತಿಲ ಒಳಗೆ ಇಟ್ಟಿದ್ದಳು. ಅತ್ತೆ ಬಟ್ಟೆ ಬಿಚ್ಚಿ ಇಣುಕಿದರು.

"ಇದು ನಮ್ದೇ ಅಂತ ಏನ ಖಾತ್ರಿ?"

ನರ್ಸಬಾಯಿ ನಕ್ಕಳು. ಅವಳ ಹಲ್ಲು ನಾವು ನೋಡಿದ್ದು ಅದೇ ಮೊದಲು. "ಬದಲಾಯಿಸೋದು ನನಗೆ ಬರಲ್ಲಮ್ಮ."

ಅತ್ತೆಗೆ ಸಿಟ್ಟು ಬರಬೇಕಿತ್ತು. ಗಡಿಗೆಗೆ ಬಟ್ಟೆ ಕಟ್ಟಿ ಮಗನ ಕೈಗೆ ಕೊಟ್ಟು ಬಂದು, ನನ್ನ ಮಂಚದ ಪಕ್ಕದ ನೆಲದಲ್ಲಿ ಹಾಸಿದ್ದ ತಮ್ಮ ಕೌದಿಯ ಮೇಲೆ ಕೂತರು. ಕೂಸನ್ನು ಹತ್ತಿಯಲ್ಲಿ ಸುತ್ತಿ ನನ್ನ ಎದೆಗೆ ಇಟ್ಟಿದ್ದರು. ನರ್ಸಬಾಯಿ ಬಾಗಿ ಅದರ ಉಸಿರು ಎಣಿಸುತ್ತಿದ್ದಳು. ಔರಾದಿನ ಸಂಜೆಯ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು.

"ಬದುಕ್ತದೇನ್ರಿ ಇದು?" ಎಂದು ಅತ್ತೆ ಕೇಳಿದರು.

"ಗೊತ್ತಿಲ್ಲಮ್ಮ. ಈಗ ಉಸಿರು ಚೆನ್ನಾಗಿದೆ. ತಾಯಿಗೂ ಇನ್ನೆರಡು ದಿನ ಭಯ ಇದೆ. ನೋಡ್ತಾ ಇರ್ಬೇಕು."

ಅತ್ತೆ ಈ ಸಲ ಜಗಳ ತೆಗೆಯಲಿಲ್ಲ. ಹಿಂದಿನ ದಿನದಿಂದ ನಿಂತೇ ಇದ್ದ ಆ ಬಿದಿರುಗಳದಂಥ ಹೆಂಗಸಿನ ಕಾಲು ನೋಡಿದರು. ಆಮೇಲೆ ಗೋಡೆಯ ಕಡೆ ಸರಿದು, ಕೌದಿಯ ಅರ್ಧವನ್ನು ಅಂಗೈಯಿಂದ ಸವರಿ ಸಮ ಮಾಡಿದರು.

"ಬಾ ಯವ್ವಾ, ಕೂಡು" ಎಂದರು. "ಒಬ್ಬರಾದ ಮ್ಯಾಲ ಒಬ್ಬರು ನೋಡೂಣು."